ಬೆಂಗಳೂರಿಂದ ಲಂಡನ್‌ಗೆ: ಡೈರೆಕ್ಟಾ, ದುಬೈ-ದೋಹಾ ಮೇಲಾ, ಯೂರೋಪ್ ಮೇಲಾ, ಇಲ್ಲಾ ಬಾಂಬೆ-ಡೆಲ್ಲಿ ಸುತ್ಕೊಂಡಾ?

ಲಂಡನ್‌ಗೆ ಟಿಕೆಟ್ ಹುಡುಕೋಕೆ ಕೂತ್ರೆ ಎಲ್ರೂ ಮೊದಲು ಮಾಡೋ ಕೆಲಸ ಒಂದೇ, ರೇಟ್ ಕಮ್ಮಿ ಇರೋದು ಮೇಲೆ ಬರೋ ಹಾಗೆ ಸಾರ್ಟ್ ಮಾಡೋದು. ಮೇಲೆ ಬಂದು ಕೂರೋದು ಯಾವ್ದು ಅಂದ್ರೆ ಎರಡು ಕಡೆ ಇಳಿದು ಹತ್ತೋ, ಇಪ್ಪತ್ತಾರು ಗಂಟೆ ಹಿಡಿಯೋ, ಮಧ್ಯರಾತ್ರಿ ಯಾವ್ದೋ ಊರಿನ ಏರ್‌ಪೋರ್ಟ್ ಕುರ್ಚಿ ಮೇಲೆ ತೂಕಡಿಸ್ಬೇಕಾದ ಟಿಕೆಟ್. ರೇಟ್ ಆಮೇಲೆ ನೋಡೋಣ. ಮೊದಲು ಎರಡು ವಿಷಯ ಇತ್ಯರ್ಥ ಆಗ್ಬೇಕು: ಹೋಗ್ತಿರೋದು ಯಾರು, ಮತ್ತೆ ಮಧ್ಯದಲ್ಲಿ ಒಂದು ಫ್ಲೈಟ್ ಕೈಕೊಟ್ರೆ ಅವರನ್ನ ಲಂಡನ್‌ಗೆ ತಲುಪಿಸೋ ಜವಾಬ್ದಾರಿ ಯಾರದ್ದು. ಈ ಎರಡು ಗೊತ್ತಾದ್ರೆ ಅರ್ಧ ಆಪ್ಷನ್ ತಾನಾಗೇ ಹೊರಗೆ ಹೋಗುತ್ತೆ.

ಡೈರೆಕ್ಟ್ ಫ್ಲೈಟ್

ಬೆಂಗಳೂರಿಂದ ಲಂಡನ್‌ಗೆ ನೇರವಾಗಿ ಹಾರೋದು ಬ್ರಿಟಿಷ್ ಏರ್‌ವೇಸ್, ಏರ್ ಇಂಡಿಯಾ, ಮತ್ತೆ 2024ರ ಮಾರ್ಚ್ ಕೊನೆಯಿಂದ ವರ್ಜಿನ್ ಅಟ್ಲಾಂಟಿಕ್. ಹೆಚ್ಚುಕಮ್ಮಿ 8,000 ಕಿಲೋಮೀಟರ್ ದೂರ. ಹೋಗ್ತಾ ಎದುರುಗಾಳಿ ಇರುತ್ತೆ, ಹತ್ತೂವರೆ-ಹನ್ನೊಂದು ಗಂಟೆ ಹಿಡಿಯುತ್ತೆ, ಬರ್ತಾ ಗಾಳಿ ಹಿಂದಿಂದ ತಳ್ಳೋದ್ರಿಂದ ಸ್ವಲ್ಪ ಬೇಗ. ಅಲ್ಲಿ ಟೈಮು ನಮಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ, ಬೇಸಿಗೆಲಿ ನಾಲ್ಕೂವರೆ ಗಂಟೆ, ಮಾರ್ಚ್ ಕೊನೆ ಭಾನುವಾರ ಮತ್ತೆ ಅಕ್ಟೋಬರ್ ಕೊನೆ ಭಾನುವಾರ ಗಡಿಯಾರ ಬದಲಾಗುತ್ತೆ. ಆ ವಾರಗಳಲ್ಲಿ ಪಿಕಪ್‌ಗೆ ಬರೋರಿಗೆ ಬೆಂಗಳೂರು ಟೈಮ್ ಹೇಳ್ಬೇಡಿ, ಟಿಕೆಟ್ ಮೇಲಿರೋ ಲ್ಯಾಂಡಿಂಗ್ ಟೈಮ್ ಹಾಗೇ ಕಳಿಸಿ, ಇಲ್ದಿದ್ರೆ ಒಂದು ಗಂಟೆ ಆಚೀಚೆ ಗ್ಯಾರಂಟಿ.

ಡೈರೆಕ್ಟಲ್ಲಿ ಲಾಭ ಏನು ಅಂತ ಬಿಡಿಸಿ ಹೇಳೋದೇ ಬೇಡ, ಒಂದ್ಸಲ ಹತ್ತಿ ಒಂದ್ಸಲ ಇಳಿಯೋದು. ಬ್ಯಾಗ್ ಮಧ್ಯದಲ್ಲಿ ಕಳೆದೋಗೋ ಚಾನ್ಸ್ ತೀರಾ ಕಮ್ಮಿ. ಬೋಯಿಂಗ್ 787, ಏರ್‌ಬಸ್ ಎ350 ಥರದ ಹೊಸ ವಿಮಾನ ಸಿಕ್ರೆ ಒಳಗಿನ ಗಾಳಿ ಒತ್ತಡ 6,000 ಅಡಿ ಎತ್ತರದ ಲೆಕ್ಕದಲ್ಲಿರುತ್ತೆ, ಹಳೇ ವಿಮಾನಗಳಲ್ಲಿ 8,000 ಅಡಿವರೆಗೂ ಹೋಗುತ್ತೆ. ಕೇಳೋಕೆ ಚಿಕ್ಕ ವ್ಯತ್ಯಾಸ, ಆದ್ರೆ ಹನ್ನೊಂದು ಗಂಟೆ ಕೂತು ಎದ್ದಾಗ ಗಂಟಲು ಒಣಗಿರೋದು, ತಲೆ ಭಾರ ಆಗಿರೋದು ಎಷ್ಟು ಅನ್ನೋದ್ರಲ್ಲಿ ಗೊತ್ತಾಗುತ್ತೆ. ಸೀಟು ಮೂರು-ಮೂರು-ಮೂರು ಇರುತ್ತೆ, ಅಂದ್ರೆ ಕಿಟಕಿ ಪಕ್ಕ ಕೂತ್ರೆ ಟಾಯ್ಲೆಟ್‌ಗೆ ಎದ್ದಾಗೆಲ್ಲ ಇಬ್ರನ್ನ ಎಬ್ಬಿಸ್ಬೇಕು. ಮಂಡಿನೋವು ಇರೋರಿಗೆ, ಆಗಾಗ ಎದ್ದು ಓಡಾಡ್ಬೇಕಾದೋರಿಗೆ ನಡೆಯೋ ದಾರಿ ಪಕ್ಕದ ಐಲ್ ಸೀಟೇ ತಗೊಳಿ, ಕಿಟಕಿಯಿಂದ ಕಾಣೋದು ಬಹುಪಾಲು ಮೋಡ.

ನಷ್ಟ ಅಂದ್ರೆ ದುಡ್ಡು. ನನ್ ಲೆಕ್ಕ ಹೀಗಿದೆ: ಹೋಗಿ ಬರೋ ಟಿಕೆಟ್‌ನಲ್ಲಿ ತಲೆಗೆ ಹತ್ತು-ಹನ್ನೆರಡು ಸಾವಿರದೊಳಗೆ ವ್ಯತ್ಯಾಸ ಇದ್ರೆ ಕಣ್ಮುಚ್ಚಿ ಡೈರೆಕ್ಟ್, ಮಧ್ಯದ ಏರ್‌ಪೋರ್ಟಲ್ಲಿ ಊಟ, ಕಾಫಿ ಅಂತ ಖರ್ಚಾಗೋದು, ಹೋಗಿ ಬಂದ ಮೇಲೆ ಮೈ ಹಣ್ಣಾಗೋದು ಎಲ್ಲ ಸೇರಿಸಿದ್ರೆ ಅದಕ್ಕೆ ಸರಿಹೋಗುತ್ತೆ. ನಾಲ್ಕು ಜನದ ಫ್ಯಾಮಿಲಿ, ತಲೆಗೆ ಇಪ್ಪತ್ತೈದು ಸಾವಿರ ವ್ಯತ್ಯಾಸ ಅಂದ್ರೆ ಮಾತ್ರ ಅದು ಬೇರೆ ಕಥೆ, ಆ ಒಂದು ಲಕ್ಷದಲ್ಲಿ ಸ್ಕಾಟ್ಲೆಂಡ್ ನೋಡ್ಕೊಂಡು ಬರ್ಬಹುದು.

ಗಲ್ಫ್ ಮೇಲೆ ಹೋಗೋದು

ನಮ್ಮೋರಲ್ಲಿ ಎಷ್ಟೋ ಜನ ಹೋಗೋದು ಈ ದಾರೀಲೇ. ಎಮಿರೇಟ್ಸ್ ದುಬೈ ಮೇಲೆ, ಕತಾರ್ ಏರ್‌ವೇಸ್ ದೋಹಾ ಮೇಲೆ, ಎತಿಹಾದ್ ಅಬುಧಾಬಿ ಮೇಲೆ, ಇನ್ನೂ ಅಗ್ಗ ಬೇಕು ಅಂದ್ರೆ ಬಹ್ರೇನ್ ಮೇಲೆ ಗಲ್ಫ್ ಏರ್, ಮಸ್ಕತ್ ಮೇಲೆ ಒಮಾನ್ ಏರ್. ಮೊದಲ ಹಾರಾಟ ನಾಲ್ಕು-ನಾಲ್ಕೂವರೆ ಗಂಟೆ, ಎರಡನೇದು ಏಳು-ಏಳೂವರೆ, ಮಧ್ಯೆ ಎರಡರಿಂದ ನಾಲ್ಕು ಗಂಟೆ ಬಿಡುವು ಅಂದ್ರೆ ಒಟ್ಟು ಹದಿಮೂರು-ಹದಿನಾರು ಗಂಟೇಲಿ ಮುಗಿಯುತ್ತೆ. ಕೆಲವರಿಗೆ ಇದೇ ಇಷ್ಟ, ಹನ್ನೊಂದು ಗಂಟೆ ಒಂದೇ ಸಮ ಕೂರೋಕಾಗಲ್ಲ, ಮಧ್ಯೆ ಇಳಿದು ಕಾಲಾಡಿಸಿ ಮುಖ ತೊಳ್ಕೊಂಡು ಮತ್ತೆ ಹತ್ತೋಣ ಅಂತಾರೆ. ಅದೂ ಸರಿನೇ.

ದುಬೈನ ದೊಡ್ಡ ಬಲ ಅಂದ್ರೆ ಲಂಡನ್‌ಗೆ ಅಲ್ಲಿಂದ ಇರೋ ಫ್ಲೈಟ್‌ಗಳ ಸಂಖ್ಯೆ. ಲಂಡನ್‌ನ ಹೀಥ್ರೋ, ಗ್ಯಾಟ್ವಿಕ್, ಸ್ಟ್ಯಾನ್ಸ್‌ಟೆಡ್ ಮೂರೂ ಏರ್‌ಪೋರ್ಟ್‌ಗೂ ಎಮಿರೇಟ್ಸ್ ಹೋಗುತ್ತೆ. ಬೆಂಗಳೂರಿಂದ ಹೊರಟಿದ್ದು ತಡವಾಗಿ ಕನೆಕ್ಷನ್ ತಪ್ಪಿದ್ರೂ ಮುಂದಿನದ್ರಲ್ಲಿ ಎಲ್ಲಾದ್ರೂ ಸೀಟ್ ಸಿಗುತ್ತೆ, ಮೆಜೆಸ್ಟಿಕ್‌ನಲ್ಲಿ ಒಂದು ಬಸ್ ತಪ್ಪಿದ್ರೆ ಇನ್ನೊಂದು ಹತ್ತೋ ಹಾಗೆ. ದಿನಕ್ಕೆ ಒಂದೋ ಎರಡೋ ಲಂಡನ್ ಫ್ಲೈಟ್ ಇರೋ ಏರ್‌ಲೈನ್‌ನಲ್ಲಿ ಅದೇ ತಪ್ಪಿದ್ರೆ ನಾಳೆವರೆಗೆ ಕಾಯೋ ಪರಿಸ್ಥಿತಿ. ಅಗ್ಗದ ಟಿಕೆಟ್ ತಗೊಳೋ ಮುಂಚೆ ಇದೊಂದು ನೋಡ್ಲೇಬೇಕು, ಆ ಊರಿಂದ ಲಂಡನ್‌ಗೆ ದಿನಕ್ಕೆ ಎಷ್ಟು ಫ್ಲೈಟ್ ಅಂತ. ಬೆಂಗಳೂರಿಗೆ ಎಮಿರೇಟ್ಸ್‌ನ ಎ380 ಬರೋಕೆ ಶುರುವಾಗಿದ್ದು 2022ರ ಅಕ್ಟೋಬರ್‌ನಲ್ಲಿ, ಆ ಎರಡಂತಸ್ತಿನ ವಿಮಾನದಲ್ಲಿ ಒಂದ್ಸಲ ಹೋಗ್ಬೇಕು ಅನ್ನೋ ಆಸೆಗೇ ದುಬೈ ಹಿಡಿಯೋ ಮಕ್ಕಳು-ದೊಡ್ಡೋರು ಇಬ್ರೂ ನನಗೆ ಗೊತ್ತು.

ಆದ್ರೆ ದುಬೈ ಏರ್‌ಪೋರ್ಟ್ ಉದ್ದ. ಟರ್ಮಿನಲ್ 3ರೊಳಗೇ ಎ, ಬಿ, ಸಿ ಅಂತ ಮೂರು ಕಾನ್‌ಕೋರ್ಸ್ (ಗೇಟ್‌ಗಳಿರೋ ವಿಭಾಗ), ಎ ಕಡೆಗೆ ಟ್ರೈನ್ ಹಿಡಿಬೇಕು, ಮತ್ತೆ ಸೆಕ್ಯೂರಿಟಿ ಚೆಕ್ ಬೇರೆ. ಒಂದೂಕಾಲು ಗಂಟೆ ಕನೆಕ್ಷನ್ ತೋರಿಸಿ ಟಿಕೆಟ್ ಮಾರ್ತಾರೆ, ಲೆಕ್ಕಕ್ಕೆ ಆಗುತ್ತೆ, ಎರಡು ಮಕ್ಕಳು ಒಂದು ಟ್ರಾಲಿ ಎಳ್ಕೊಂಡು ಓಡೋರಿಗೆ ಆಗಲ್ಲ. ಎರಡೂವರೆಯಿಂದ ಮೂರು ಗಂಟೆ ಸರಿಯಾದ ಅಳತೆ. ದೋಹಾ ಈ ವಿಷಯದಲ್ಲಿ ಸುಲಭ, ಎಲ್ಲ ಒಂದೇ ಟರ್ಮಿನಲ್, ಮಧ್ಯದಲ್ಲಿ ಆ ದೊಡ್ಡ ಹಳದಿ ಟೆಡ್ಡಿಬೇರ್ ಗೊಂಬೆ, ಯಾರಾದ್ರೂ ತಪ್ಪಿಸ್ಕೊಂಡ್ರೆ "ಕರಡಿ ಹತ್ರ ಬನ್ನಿ" ಅಂದ್ರೆ ಸಾಕು. ಅಬುಧಾಬಿಲಿ 2023ರ ನವೆಂಬರ್‌ನಲ್ಲಿ ಹೊಸ ಟರ್ಮಿನಲ್ ಎ ಶುರುವಾದ ಮೇಲೆ ಅದೂ ಅಚ್ಚುಕಟ್ಟಾಗಿದೆ.

ಗಲ್ಫ್ ದಾರಿಯ ಇನ್ನೊಂದು ಕಿರಿಕಿರಿ ನಿದ್ದೆ. ಬೆಂಗಳೂರಿಂದ ಬೆಳಗಿನ ಜಾವ ಮೂರು-ನಾಲ್ಕಕ್ಕೆ ಹೊರಡೋವು ಬೇಕಾದಷ್ಟಿವೆ, ಅಂದ್ರೆ ರಾತ್ರಿ ಹನ್ನೊಂದಕ್ಕೆ ಮನೆ ಬಿಟ್ಟು ದೇವನಹಳ್ಳಿ ಕಡೆ ಹೊರಡ್ಬೇಕು, ಮೈಸೂರಿಂದ ಫ್ಲೈಬಸ್‌ನಲ್ಲಿ ಬರೋರು ಇನ್ನೂ ಮುಂಚೆ. ವಿಮಾನ ಹತ್ತಿ ಕಣ್ಮುಚ್ಚೋಷ್ಟರಲ್ಲಿ ಊಟ ತಂದಿಡ್ತಾರೆ, ಊಟ ಮುಗಿಸಿ ಕಣ್ಮುಚ್ಚೋಷ್ಟರಲ್ಲಿ ಇಳಿಬೇಕು.

ಆ ಭಾಗದಲ್ಲಿ ಏನಾದ್ರೂ ಗಲಾಟೆ ಆದ್ರೆ ಎಲ್ಲ ತಲೆಕೆಳಗು ಆಗೋದೂ ಉಂಟು. 2024ರ ಏಪ್ರಿಲ್‌ನ ಮಳೆಗೆ ದುಬೈ ಏರ್‌ಪೋರ್ಟಲ್ಲಿ ನೀರು ತುಂಬ್ಕೊಂಡಿತ್ತು, 2025ರ ಜೂನ್‌ನಲ್ಲಿ ಕತಾರ್ ತನ್ನ ಆಕಾಶವನ್ನೇ ಕೆಲವು ಗಂಟೆ ಮುಚ್ಚಿತ್ತು. ಹಂಗಂತ ಡೈರೆಕ್ಟ್‌ನೋರು ನಗೋ ಹಾಗಿಲ್ಲ, 2025ರ ಮಾರ್ಚ್ 21ಕ್ಕೆ ಪಕ್ಕದ ಸಬ್‌ಸ್ಟೇಷನ್‌ಗೆ ಬೆಂಕಿ ಬಿದ್ದು ಕರೆಂಟ್ ಇಲ್ದೆ ಹೀಥ್ರೋನೇ ಹೆಚ್ಚುಕಮ್ಮಿ ಇಡೀ ದಿನ ಬಂದ್ ಆಗಿತ್ತು.

ಯೂರೋಪ್ ಮೇಲೆ

ಲುಫ್ತಾನ್ಸಾ ಫ್ರಾಂಕ್‌ಫರ್ಟ್, ಮ್ಯೂನಿಕ್ ಮೇಲೆ, ಏರ್ ಫ್ರಾನ್ಸ್ ಪ್ಯಾರಿಸ್ ಮೇಲೆ, ಕೆಎಲ್‌ಎಂ ಆಮ್‌ಸ್ಟರ್‌ಡ್ಯಾಮ್ ಮೇಲೆ. ಉದ್ದದ ಹಾರಾಟ ಒಂದೇ ಸಲಕ್ಕೆ ಮುಗಿದು ಕೊನೇಲಿ ಒಂದು-ಒಂದೂವರೆ ಗಂಟೆದು ಉಳಿಯುತ್ತೆ, ನಿದ್ದೆಗೆ ಗಲ್ಫ್‌ಗಿಂತ ಇದು ವಾಸಿ. ಆದ್ರೆ ಬರೀ ಲಂಡನ್‌ಗೆ ಹೋಗೋರಿಗೆ ನಾನಿದನ್ನ ಹೇಳಲ್ಲ. ಕಾರಣ ವೀಸಾ. ಯುಕೆ ವೀಸಾ ಇದ್ರೆ ಯೂರೋಪಲ್ಲೂ ನಡೆಯುತ್ತೆ ಅಂದ್ಕೊಂಡಿರೋರು ಇವತ್ತಿಗೂ ಇದಾರೆ, ನಡೆಯಲ್ಲ. ಏರ್‌ಪೋರ್ಟ್ ಒಳಗೇ ಬದಲಾಯಿಸೋಕೂ ಟ್ರಾನ್ಸಿಟ್ ವೀಸಾ ಬೇಕೋ ಬೇಡ್ವೋ ಅನ್ನೋದು ದೇಶಕ್ಕೊಂದು ಥರ, ಆಗಾಗ ಬದಲಾಗ್ತಾ ಇರುತ್ತೆ, ಹಳೇ ಬರಹ ನಂಬದೆ ಬುಕ್ ಮಾಡೋ ದಿನ ಆ ದೇಶದ ಎಂಬೆಸಿ ಸೈಟ್ ನೋಡಿ. ಇನ್ನು ಷೆಂಗೆನ್ (ಒಂದೇ ವೀಸಾ ನಡೆಯೋ ಯೂರೋಪ್ ದೇಶಗಳ ಗುಂಪು) ಒಳಗಿನ ಎರಡು ಊರಲ್ಲಿ ಫ್ಲೈಟ್ ಬದಲಾಯಿಸೋ ಟಿಕೆಟ್ ಇದ್ರೆ, ಉದಾಹರಣೆಗೆ ಮ್ಯೂನಿಕ್‌ನಲ್ಲಿ ಇಳಿದು ಫ್ರಾಂಕ್‌ಫರ್ಟ್ ಹೋಗಿ ಅಲ್ಲಿಂದ ಲಂಡನ್, ಆಗ ಷೆಂಗೆನ್ ವೀಸಾನೇ ಬೇಕು. ಅದಿಲ್ಲ ಅಂದ್ರೆ ಬೆಂಗಳೂರಿನ ಕೌಂಟರ್‌ನಲ್ಲೇ ನಿಲ್ಲಿಸ್ತಾರೆ, ಬೋರ್ಡಿಂಗ್ ಪಾಸೇ ಕೊಡಲ್ಲ. ಹೆಂಗಿದ್ರೂ ಷೆಂಗೆನ್ ವೀಸಾ ಮಾಡ್ಸಿದೀವಿ, ಪ್ಯಾರಿಸ್ ನೋಡ್ಕೊಂಡು ಯೂರೋಸ್ಟಾರ್ ಟ್ರೈನಲ್ಲಿ ಲಂಡನ್‌ಗೆ ಹೋಗ್ತೀವಿ ಅನ್ನೋರಿಗೆ ಮಾತ್ರ ಈ ದಾರಿ ಚಿನ್ನ.

ಬಾಂಬೆ, ಡೆಲ್ಲಿ ಮೇಲೆ

ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನೋರಿಗೆ ಇದು ನಿಜವಾಗ್ಲೂ ಯೋಚಿಸೋ ಆಪ್ಷನ್ನು, ಬೆಂಗಳೂರಿಗೆ ಬಂದು ಏರುವಷ್ಟೇ ಬಾಂಬೆಗೆ ಹೋಗಿ ಏರೋದೂ ಸಲೀಸು. ಬೆಂಗಳೂರಿನೋರು ಯಾಕೆ ಉತ್ತರಕ್ಕೆ ಹೋಗಿ ಸುತ್ಕೊಂಡು ಹೋಗ್ಬೇಕು ಅಂತ ನನಗಂತೂ ಅರ್ಥ ಆಗಲ್ಲ, ತುಂಬಾ ಅಗ್ಗ ಇದ್ರೆ ಮಾತ್ರ. 2025ರ ಏಪ್ರಿಲ್ ಕೊನೇಲಿ ಪಾಕಿಸ್ತಾನ ತನ್ನ ಆಕಾಶವನ್ನ ನಮ್ಮ ವಿಮಾನಗಳಿಗೆ ಮುಚ್ಚಿದ ಮೇಲೆ ಡೆಲ್ಲಿಯಿಂದ ಹೊರಡೋ ನಮ್ಮ ಏರ್‌ಲೈನ್‌ಗಳು ಬಳಸಿ ಹೋಗ್ಬೇಕಾಗಿ ಬಂತು, ಬೆಂಗಳೂರಿಂದ ಹೋಗೋ ದಾರಿ ಅರಬ್ಬೀ ಸಮುದ್ರದ ಮೇಲೆ ಇರೋದ್ರಿಂದ ಇಲ್ಲಿಗೆ ಅಷ್ಟು ಏಟು ಬೀಳಲಿಲ್ಲ.

ಹೋಗ್ತಾ ತೊಂದ್ರೆ ಕಮ್ಮಿ, ಒಂದೇ ಪಿಎನ್‌ಆರ್ ಇದ್ರೆ ಬ್ಯಾಗ್ ನೇರ ಲಂಡನ್‌ಗೆ ಟ್ಯಾಗ್ ಆಗುತ್ತೆ. ಬರ್ತಾ ಇದೆ ಆಟ. ದೇಶದೊಳಗೆ ಮೊದಲು ಕಾಲಿಟ್ಟ ಊರಲ್ಲೇ ಇಮಿಗ್ರೇಷನ್, ಅಲ್ಲೇ ಬೆಲ್ಟ್ ಮೇಲಿಂದ ಬ್ಯಾಗ್ ಎತ್ಕೊಂಡು ಕಸ್ಟಮ್ಸ್ ದಾಟಿ ಮತ್ತೆ ಡೊಮೆಸ್ಟಿಕ್‌ಗೆ ಕೊಡ್ಬೇಕು, ರಾತ್ರಿಯಿಡೀ ಕೂತು ಬಂದ ಕಾಲಲ್ಲಿ 23 ಕೆಜಿದು ಎರಡು ಸೂಟ್‌ಕೇಸ್ ಎಳೀಬೇಕು.

ಕರಾವಳಿಯೋರಿಗೆ ಇನ್ನೊಂದು ಮಾತು. ಮಂಗಳೂರಿಂದ ದುಬೈ, ಅಬುಧಾಬಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇದೆಯಲ್ಲ, ಅದರಲ್ಲಿ ಹೋಗಿ ಅಲ್ಲಿಂದ ಬೇರೆ ಟಿಕೆಟಲ್ಲಿ ಲಂಡನ್‌ಗೆ ಹೋದ್ರೆ ಅಗ್ಗ ಆಗುತ್ತೆ ಅಂತ ಕೆಲವರು ಲೆಕ್ಕ ಹಾಕ್ತಾರೆ. ಕಾಗದದ ಮೇಲೆ ಅಗ್ಗವೇ. ಆದ್ರೆ ಎರಡು ಬೇರೆ ಬೇರೆ ಟಿಕೆಟ್ ಅಂದ್ರೆ ಮೊದಲನೇದು ತಡವಾಗಿ ಎರಡನೇದು ತಪ್ಪಿದ್ರೆ ಯಾರೂ ಜವಾಬ್ದಾರರಲ್ಲ, ಬ್ಯಾಗ್ ಹೊರಗೆ ತಗೊಂಡು ಮತ್ತೆ ಚೆಕ್-ಇನ್ ಮಾಡ್ಬೇಕು ಅಂದ್ರೆ ಯುಎಇ ಒಳಗೆ ಕಾಲಿಡ್ಬೇಕು, ಅದಕ್ಕೆ ವೀಸಾ ಬೇಕು. ಬುಕಿಂಗ್ ಸೈಟ್‌ಗಳಲ್ಲಿ "ಸೆಲ್ಫ್ ಟ್ರಾನ್ಸ್‌ಫರ್" ಅಂತ ಸಣ್ಣ ಅಕ್ಷರದಲ್ಲಿ ಬರ್ದಿರ್ತಾರೆ, ಅದು ಕಂಡ್ರೆ ಮುಂದಿನ ಸಾಲಿಗೆ ಹೋಗಿ.

ಈಗ ಯಾರಿಗೆ ಯಾವ್ದು

ಅಪ್ಪ-ಅಮ್ಮ ಮೊದಲ ಸಲ ಮಗಳ ಮನೆಗೋ ಮಗನ ಮನೆಗೋ ಹೋಗ್ತಿದ್ರೆ, ಇಂಗ್ಲಿಷ್ ಅಷ್ಟಕ್ಕಷ್ಟೇ ಅಂದ್ರೆ, ಡೈರೆಕ್ಟ್ ಬಿಟ್ಟು ಬೇರೆ ಮಾತೇ ಬೇಡ, ಸಾಲ ಮಾಡಿಯಾದ್ರೂ ಡೈರೆಕ್ಟ್ ಮಾಡ್ಸಿ. ಬೆಂಗಳೂರಿಂದ ಹೊರಡೋ ನೇರ ಫ್ಲೈಟಲ್ಲಿ ಅಕ್ಕಪಕ್ಕ ಕನ್ನಡದೋರು ಯಾರಾದ್ರೂ ಸಿಕ್ಕೇ ಸಿಗ್ತಾರೆ, "ಯಾವೂರು ನಿಮ್ದು" ಅಂತ ಶುರುವಾದ್ರೆ ಇಳಿಯೋವರೆಗೂ ಚಿಂತೆ ಇಲ್ಲ. ವ್ಹೀಲ್‌ಚೇರ್‌ಗೆ ಎರಡು ದಿನ ಮುಂಚೆನೇ ಹೇಳಿ, ಅದಕ್ಕೆ ದುಡ್ಡಿಲ್ಲ. "ನಂಗೇನು ಕಾಲಿಲ್ವಾ" ಅಂತ ಅಪ್ಪ ಸಿಟ್ಟಾಗ್ತಾರೆ, ಆಗ್ಲಿ, ಹೀಥ್ರೋದಲ್ಲಿ ಗೇಟಿಂದ ಇಮಿಗ್ರೇಷನ್‌ಗೆ ಇರೋ ನಡಿಗೆ ನೋಡಿದ್ಮೇಲೆ ಸುಮ್ನಾಗ್ತಾರೆ. ಅಲ್ಲಿ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದ್ರೆ ತಾನಾಗೇ ತೆರೆಯೋ ಇ-ಗೇಟ್ ನಮ್ಮ ಪಾಸ್‌ಪೋರ್ಟ್‌ಗೆ ಇಲ್ಲ, ಆಫೀಸರ್ ಮುಂದೆ ನಿಲ್ಲಲೇಬೇಕು. ಲ್ಯಾಂಡಿಂಗ್ ಕಾರ್ಡ್ ತುಂಬೋದು 2019ರಲ್ಲೇ ನಿಂತೋಯ್ತು, ಆದ್ರೂ ಒಂದು ಹಾಳೇಲಿ ದಪ್ಪ ಅಕ್ಷರದಲ್ಲಿ ಇಂಗ್ಲಿಷಲ್ಲಿ ಬರೆದು ಕೊಡಿ: ಮಗಳ ಹೆಸರು, ಮನೆ ಅಡ್ರೆಸ್, ಫೋನ್ ನಂಬರ್, ಯಾಕೆ ಬಂದಿದಾರೆ, ವಾಪಸ್ ಹೋಗೋ ತಾರೀಖು. ಜೊತೆಗೆ ರಿಟರ್ನ್ ಟಿಕೆಟ್ ಪ್ರಿಂಟ್. ಕೇಳೋದು ಹೆಚ್ಚುಕಮ್ಮಿ ಇಷ್ಟೇ, ಹಾಳೆ ಮುಂದೆ ಹಿಡಿದ್ರೆ ಅರ್ಧ ಮಾತು ಮುಗೀತು. ಬಿಪಿ, ಶುಗರ್ ಮಾತ್ರೆ ಕೈಬ್ಯಾಗಲ್ಲೇ ಇರ್ಲಿ, ಡಾಕ್ಟರ್ ಚೀಟಿ ಸಮೇತ.

ಊಟದ ವಿಷಯ ಸ್ವಲ್ಪ ಗಮನ ಕೊಡಿ. ಟಿಕೆಟ್ ಬುಕ್ ಆದ್ಮೇಲೆ ಸ್ಪೆಷಲ್ ಮೀಲ್ ಅಂತ ಒಂದು ಪಟ್ಟಿ ಬರುತ್ತೆ, ಅದ್ರಲ್ಲಿ "ಹಿಂದೂ ಮೀಲ್" ಅಂತ ಕಂಡ ತಕ್ಷಣ ಒತ್ತಿಬಿಡ್ತಾರೆ. ಅದರ ಕೋಡ್ ಎಚ್‌ಎನ್‌ಎಂಎಲ್, ಅದ್ರಲ್ಲಿ ಬರೋದು ಸಾಮಾನ್ಯವಾಗಿ ಚಿಕನ್ನೋ ಮಟನ್ನೋ ಮೀನೋ, ದನದ ಮಾಂಸ ಹಂದಿ ಮಾಂಸ ಇರಲ್ಲ ಅಷ್ಟೇ. ನಮ್ಮ ಥರ ಸಸ್ಯಾಹಾರ ಬೇಕಂದ್ರೆ ಎವಿಎಂಎಲ್, ಏಷಿಯನ್ ವೆಜಿಟೇರಿಯನ್, ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನೋರಿಗೆ ವಿಜೆಎಂಎಲ್. ಕನೆಕ್ಟಿಂಗ್ ಟಿಕೆಟ್ ಆದ್ರೆ ಎರಡೂ ಫ್ಲೈಟ್‌ಗೂ ಹಾಕಿದೀರಾ ನೋಡಿ, ಹೊರಡೋ ಒಂದು ದಿನ ಮುಂಚೆಯೊಳಗೆ ಹೇಳಿರ್ಬೇಕು. ಚಪಾತಿ, ಪುಳಿಯೋಗರೆ ಕಟ್ಕೊಂಡು ಹೋಗ್ಬಹುದು, ಮೊಸರನ್ನ ಸೆಕ್ಯೂರಿಟಿಲಿ ಕಿರಿಕ್, ಮತ್ತೆ ಹಾಲು-ಮೊಸರಿಂದು ಉಳಿದ್ರೆ ಇಳಿಯೋ ಮುಂಚೆ ಮುಗಿಸ್ಬೇಕು.

ಓದೋಕೆ ಹೋಗೋ ಹುಡುಗ-ಹುಡುಗೀರಿಗೆ ನಾನು ಗಲ್ಫೇ ಹೇಳೋದು, ವಯಸ್ಸಿದೆ, ಮಧ್ಯೆ ಒಂದ್ಸಲ ಇಳಿದು ಹತ್ತಿದ್ರೆ ಏನೂ ಆಗಲ್ಲ. ಅವರಿಗೆ ಬೇಕಿರೋದು ಕೆಜಿ. ಕುಕ್ಕರ್, ಸಾಂಬಾರ್ ಪುಡಿ, ಜಾಕೆಟ್ಟು ಎಲ್ಲ ತುಂಬ್ಕೊಂಡು ಹೋಗ್ಬೇಕು. ಬ್ರಿಟಿಷ್ ಕಂಪನಿಗಳಲ್ಲಿ ಪೀಸ್ ಲೆಕ್ಕ, ಅಂದ್ರೆ ಇಷ್ಟು ಬ್ಯಾಗ್ ಅಂತ, ಒಂದೊಂದು ಬ್ಯಾಗ್ 23 ಕೆಜಿ, ಅಗ್ಗದ ಬೇಸಿಕ್ ಫೇರ್ ಆದ್ರೆ ಚೆಕ್-ಇನ್ ಬ್ಯಾಗೇ ಇಲ್ಲದೆ ಇರ್ಬಹುದು. ಸ್ಟೂಡೆಂಟ್ ಫೇರ್ ಅಂತ ಏರ್ ಇಂಡಿಯಾ, ಎಮಿರೇಟ್ಸ್, ಕತಾರ್ ಎಲ್ಲದ್ರಲ್ಲೂ ಇದೆ, ಡಿಸ್ಕೌಂಟ್ ಜೊತೆ ಲಗೇಜೂ ಜಾಸ್ತಿ ಕೊಡ್ತಾರೆ, ಅವರವರ ಸೈಟಲ್ಲೇ ಹೋಗಿ ಹುಡುಕ್ಬೇಕು. ಸೆಪ್ಟೆಂಬರ್‌ನಲ್ಲಿ ಎಲ್ಲ ಯೂನಿವರ್ಸಿಟಿ ಒಟ್ಟಿಗೆ ಶುರುವಾಗೋದ್ರಿಂದ ಒನ್‌ವೇ ರೇಟ್ ಏರುತ್ತೆ, ವೀಸಾ ಬಂದ ದಿನವೇ ಬುಕ್ ಮಾಡೋದು ವಾಸಿ. ಪವರ್ ಬ್ಯಾಂಕ್ ಕೈಬ್ಯಾಗಲ್ಲೇ ಇರ್ಬೇಕು, ಎಮಿರೇಟ್ಸ್‌ನಲ್ಲಿ 2025ರ ಅಕ್ಟೋಬರ್‌ನಿಂದ ಒಬ್ಬರಿಗೆ ಒಂದೇ, ಅದೂ ವಿಮಾನದೊಳಗೆ ಬಳಸೋ ಹಾಗಿಲ್ಲ, ಫೋನ್ ಮೊದಲೇ ಚಾರ್ಜ್ ಮಾಡ್ಕೊಳಿ.

ಚಿಕ್ಕ ಮಕ್ಕಳಿದ್ರೆ ಗೊಂದಲ. ಕೆಲವು ಮಕ್ಕಳು ಹನ್ನೊಂದು ಗಂಟೆ ಕೂರಲ್ಲ, ಕೆಲವು ಮಕ್ಕಳನ್ನ ನಿದ್ದೆಯಿಂದ ಎಬ್ಬಿಸಿ ಇನ್ನೊಂದು ವಿಮಾನ ಹತ್ತಿಸೋದೇ ನರಕ. ನಿಮ್ ಮಗು ಬೆಂಗಳೂರು-ಮಂಗಳೂರು ಕಾರ್ ಜರ್ನಿಲಿ ಹೆಂಗಿರುತ್ತೆ ನೋಡಿ ನೀವೇ ತೀರ್ಮಾನ ಮಾಡಿ.

ತಡ ಆದ್ರೆ ದುಡ್ಡು ಕೊಡ್ತಾರಾ

ಇದನ್ನ ಹೋಲಿಸಿ ನೋಡೋರು ಕಮ್ಮಿ, ಆದ್ರೆ ನೋಡ್ಬೇಕು. ಬ್ರಿಟನ್‌ನಲ್ಲಿ ಒಂದು ಕಾನೂನಿದೆ, ಯುಕೆ261 ಅಂತಾರೆ. ಏರ್‌ಲೈನ್ ತಪ್ಪಿಂದ ಇಷ್ಟು ದೂರದ ಫ್ಲೈಟ್ ನಾಲ್ಕು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿದ್ರೆ ತಲೆಗೆ 520 ಪೌಂಡ್ ಪರಿಹಾರ. ಲಂಡನ್‌ನಿಂದ ಹೊರಡೋ ಯಾವ ಏರ್‌ಲೈನಿಗಾದ್ರೂ ಇದು ಅನ್ವಯ. ಬೆಂಗಳೂರಿಂದ ಹೋಗುವಾಗ ಮಾತ್ರ ಬ್ರಿಟಿಷ್ ಇಲ್ಲಾ ಯೂರೋಪಿನ ಏರ್‌ಲೈನ್ ಆಗಿದ್ರೆ ಅನ್ವಯ, ಏರ್ ಇಂಡಿಯಾಗೋ ಗಲ್ಫ್ ಕಂಪನಿಗಳಿಗೋ ಅನ್ವಯ ಆಗಲ್ಲ. ಹವಾಮಾನ, ಆಕಾಶ ಮುಚ್ಚೋದು ಇಂಥ ಕಾರಣಕ್ಕೆ ಪರಿಹಾರ ಇಲ್ಲ, ಆದ್ರೂ ಊಟ, ರೂಮ್ ವ್ಯವಸ್ಥೆ ಅವರೇ ಮಾಡ್ಬೇಕು. ಬೋರ್ಡಿಂಗ್ ಪಾಸ್ ಎಸೀಬೇಡಿ, ಫೋಟೋ ಆದ್ರೂ ಇಟ್ಕೊಳಿ.

ಇಳಿಯೋದೆಲ್ಲಿ

ಟಿಕೆಟ್ ಮೇಲೆ ಲಂಡನ್ ಅಂತಿದ್ರೆ ಸಾಲದು, ಎಲ್‌ಎಚ್‌ಆರ್ ಅಂದ್ರೆ ಹೀಥ್ರೋ, ಎಲ್‌ಜಿಡಬ್ಲ್ಯೂ ಅಂದ್ರೆ ಗ್ಯಾಟ್ವಿಕ್, ಎಸ್‌ಟಿಎನ್ ಅಂದ್ರೆ ಸ್ಟ್ಯಾನ್ಸ್‌ಟೆಡ್, ಮೂರೂ ಮೂರು ದಿಕ್ಕಲ್ಲಿವೆ. ಹೌನ್ಸ್‌ಲೋ, ಸೌಥಾಲ್, ಸ್ಲೌ ಕಡೆ ಮನೆ ಇದ್ರೆ ಹೀಥ್ರೋ ಪಕ್ಕದಲ್ಲೇ. ಕ್ರಾಯ್ಡನ್ ಕಡೆಯೋರಿಗೆ ಗ್ಯಾಟ್ವಿಕ್ ಹತ್ರ. ಕೇಂಬ್ರಿಡ್ಜ್ ಕಡೆ ಇದ್ರೆ ಸ್ಟ್ಯಾನ್ಸ್‌ಟೆಡ್, ಎಷ್ಟೋ ಜನಕ್ಕೆ ದುಬೈನಿಂದ ಅಲ್ಲಿಗೆ ನೇರ ಫ್ಲೈಟ್ ಇದೆ ಅನ್ನೋದೇ ಗೊತ್ತಿಲ್ಲ. ಹೀಥ್ರೋದಿಂದ ಪೇಟೆಗೆ ಹೀಥ್ರೋ ಎಕ್ಸ್‌ಪ್ರೆಸ್ ಹದಿನೈದು ನಿಮಿಷಕ್ಕೆ ಪ್ಯಾಡಿಂಗ್ಟನ್ ಮುಟ್ಟಿಸುತ್ತೆ, ದುಬಾರಿ. ಪಿಕ್ಕಡಿಲಿ ಲೈನ್ ಅಗ್ಗ, ನಿಧಾನ. 2022ರಲ್ಲಿ ಬಂದ ಎಲಿಜಬೆತ್ ಲೈನ್ ಇವೆರಡರ ಮಧ್ಯೆ, ದೊಡ್ಡ ಬ್ಯಾಗ್ ಇದ್ರೆ ನಾನು ಅದನ್ನೇ ಹೇಳೋದು. ಕಾರ್ ತಂದು ಡ್ರಾಪ್ ಮಾಡೋಕೂ ಅಲ್ಲಿ ಚಾರ್ಜ್ ಇದೆ, ನಿಮ್ಮನ್ನ ಕರ್ಕೊಂಡು ಹೋಗೋರು ಪಾರ್ಕಿಂಗ್‌ಗೆ ಕೊಡ್ತಿದಾರೆ ಅನ್ನೋದು ನೆನಪಿರ್ಲಿ.

ಬ್ಯಾಗ್ ಕಟ್ಟೋ ಮುಂಚೆ

ಇಡೀ ಕೊಬ್ಬರಿ ಗಿಟುಕು ಹಾಕ್ಬೇಡಿ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ಕೊಳ್ಳೋ ವಸ್ತು ಅಂತ ವಿಮಾನದ ಲಗೇಜಲ್ಲಿ ಬಿಡಲ್ಲ, ಬೆಂಗಳೂರಿನ ಸ್ಕ್ಯಾನರ್‌ನಲ್ಲೇ ಬ್ಯಾಗ್ ಬಿಚ್ಚಿಸ್ತಾರೆ. ಧಾರವಾಡ ಪೇಡೆ, ಖೋವಾ ಸಿಹಿ, ಪನೀರ್, ತುಪ್ಪ ಇವೆಲ್ಲ ಹಾಲಿನ ಪದಾರ್ಥ, ಬ್ರಿಟನ್ ಒಳಗೆ ತರೋ ಹಾಗಿಲ್ಲ. ಚಟ್ನಿಪುಡಿ, ಸಾಂಬಾರ್ ಪುಡಿ, ಅವಲಕ್ಕಿ, ಚಕ್ಕುಲಿ, ಕೋಡುಬಳೆ ಧೈರ್ಯವಾಗಿ ಹಾಕಿ. ಹೇಗೂ ಈಸ್ಟ್ ಹ್ಯಾಮ್, ಸೌಥಾಲ್ ಅಂಗಡಿಗಳಲ್ಲಿ ಬಾಕಿ ಎಲ್ಲ ಸಿಗುತ್ತೆ, ಬ್ಯಾಡಗಿ ಮೆಣಸಿನಕಾಯಿ ಹುಡುಕ್ಬೇಕಾಗ್ಬಹುದು, ಅದಕ್ಕೆ ಜಾಗ ಇಟ್ಕೊಳಿ.

ಕೊನೇದಾಗಿ ರಿಟರ್ನ್ ಟಿಕೆಟ್. ಲಂಡನ್‌ನಿಂದ ಹೊರಡೋ ಟಿಕೆಟ್‌ನಲ್ಲಿ ಏರ್ ಪ್ಯಾಸೆಂಜರ್ ಡ್ಯೂಟಿ ಅಂತ ಸರ್ಕಾರದ ತೆರಿಗೆ ಸೇರಿರುತ್ತೆ, ಇಂಡಿಯಾ ದೂರಕ್ಕೆ ಇಕಾನಮಿಲಿ ಹತ್ತಿರ ಹತ್ತಿರ 100 ಪೌಂಡ್, ಬಿಸಿನೆಸ್ ಕ್ಲಾಸ್‌ಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಇಕಾನಮಿಲಿ 16 ವರ್ಷದೊಳಗಿನ ಮಕ್ಕಳಿಗೆ ಅದಿಲ್ಲ, ಬಿಲ್‌ನಲ್ಲಿ ಮಕ್ಕಳ ಹೆಸರಲ್ಲೂ ಹಾಕಿದಾರಾ ಒಂದ್ಸಲ ಕಣ್ಣಾಡಿಸಿ. ಟೂ-ವೇ ಒಟ್ಟಿಗೆ ತಗೊಂಡ್ರೆ ಬಿಡಿ ಟಿಕೆಟ್‌ಗಿಂತ ಸಾಮಾನ್ಯವಾಗಿ ಅಗ್ಗ ಬೀಳುತ್ತೆ, ಆದ್ರೆ ಬಾಣಂತನಕ್ಕೆ ಹೋಗೋ ಅಮ್ಮಂದಿರ ವಾಪಸ್ ತಾರೀಖು ಯಾವತ್ತೂ ಹೇಳಿದ ದಿನಕ್ಕೆ ನಿಲ್ಲಲ್ಲ, ಅವರಿಗೆ ಡೇಟ್ ಚೇಂಜ್ ಚಾರ್ಜ್ ಕಮ್ಮಿ ಇರೋ ಫೇರ್ ಎರಡು-ಮೂರು ಸಾವಿರ ಜಾಸ್ತಿ ಆದ್ರೂ ಅದನ್ನೇ ಹಾಕ್ಸಿ, ಹಾಕ್ಸೋ ಮುಂಚೆ ವೀಸಾ ಯಾವ ತಾರೀಖಿಗೆ ಮುಗಿಯುತ್ತೆ ನೋಡ್ಕೊಳಿ.